ಪುಕ್ಕಟೆ ಕಾವಲುಗಾರ ಮನೆಯೊಳಗೇ ಇದ್ದಾನೆ, ಬಾಯಿ ಕಟ್ಟಿದವರು ಯಾರು?

ಕಂಪ್ಯೂಟರಿಗೆ ವೈರಸ್ ಬಂತೆಂದರೆ ಈ ಸೀಮೆಯಲ್ಲಿ ಮದ್ದು ಒಂದೇ. ಫಾರ್ಮ್ಯಾಟ್ ಹೊಡೆಸುವುದು. ಪೇಟೆಯ ಅಂಗಡಿಗೆ ಒಯ್ದು ಕೊಟ್ಟರೆ ಸಂಜೆಯೊಳಗೆ ಮಷಿನ್ನು ಹೊಸದಾಗಿ ಕೈಗೆ ಬರುತ್ತದೆ. ಒಳಗಿದ್ದ ಮಗನ ಪ್ರಾಜೆಕ್ಟು, ಮಗಳ ಮದುವೆಯ ಫೋಟೊ, ಹೊಲದ ಕಾಗದ ಹೋದವು ಹೋದವೇ. ಅಷ್ಟಕ್ಕೇ ಮುಗಿದರೆ ಚಿಂತೆ ಇರಲಿಲ್ಲ. ಹೊಸ ವಿಂಡೋಸ್ ಹೆಸರಿನಲ್ಲಿ ಕಳ್ಳ ವಿಂಡೋಸ್ ಒಂದು ಒಳಗೆ ಬಂದು ಕೂತಿರುತ್ತದೆ. ಅದನ್ನು ಕೂಡಿಸುವ ಮೊದಲು ಮಷಿನ್ನಿನ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ಆಗಿರುತ್ತದೆ. ನಾಲ್ಕು ತಿಂಗಳಿಗೆ ಮತ್ತೆ ವೈರಸ್, ಮತ್ತೆ ಫಾರ್ಮ್ಯಾಟ್.

ಸಿಂಧನೂರು, ಮಸ್ಕಿ, ಲಿಂಗಸುಗೂರು ಪೇಟೆಗಳ ಓಡಾಟದಲ್ಲೇ ಬದುಕು ಸಾಗಿಸುವ ವಳಕಮದಿನ್ನಿಯಂಥ ಊರುಗಳಿಗೆ ಇದು ಸಣ್ಣ ಮಾತಲ್ಲ. ಊರಲ್ಲಿ ಕಂಪ್ಯೂಟರ್ ಇರುವ ಮನೆ ಬೆರಳೆಣಿಕೆ ಇರಬಹುದು. ಆದರೆ ಆ ಬೆರಳೆಣಿಕೆಯ ಮಷಿನ್ನುಗಳಲ್ಲಿ ಊರಿನ ಅರ್ಧ ಮಂದಿಯ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಬಿದ್ದಿರುತ್ತವೆ. ‘ಒಂದು ಪ್ರಿಂಟ್ ತಗದು ಕೊಡಪ್ಪ’ ಎಂದು ಮಾವ, ಕಾಕಾ, ದೊಡ್ಡವ್ವ ಎಲ್ಲರೂ ಬರುವುದು ಆ ಒಂದೇ ಮನೆಗೆ. ಒಂದು ಮನೆಯ ಮಷಿನ್ನು ಕೆಟ್ಟರೆ ಕೆಡುವುದು ಒಂದೇ ಮನೆಯಲ್ಲ.

ಇದಕ್ಕೆ ಸಾವಿರಾರು ರೂಪಾಯಿಯ ಆಂಟಿವೈರಸ್ ಕೊಂಡೇ ತೀರಬೇಕು ಎಂಬುದು ಜನರಲ್ಲಿ ಬೇರೂರಿದ ನಂಬಿಕೆ. ‘ರೊಕ್ಕ ಇದ್ದೋರು ಹಾಕಿಸ್ಕೊತಾರ, ನಮಗ್ಯಾಕ ಬಿಡ್ರಿ’ ಎಂದು ಕೈಬಿಡುವವರೇ ಹೆಚ್ಚು. ವಸ್ತುಸ್ಥಿತಿ ಬೇರೆಯೇ ಇದೆ. ಮನೆಬಳಕೆಗೆ ಸಾಕಾಗುವ ರಕ್ಷಣೆ ಪುಕ್ಕಟೆಯಾಗಿ ಸಿಗುತ್ತದೆ. ಅದು ಬಹುತೇಕ ಮಷಿನ್ನುಗಳಲ್ಲಿ ಆಗಲೇ ಕೂತಿದೆ. ಅದನ್ನು ಕೆಡಿಸುತ್ತಿರುವುದು ಇನ್ನೊಂದು ಪುಕ್ಕಟೆ ಮಾಲು. ಅದೇ ಕ್ರ್ಯಾಕ್ ಮಾಡಿದ ಕಳ್ಳ ಸಾಫ್ಟ್‌ವೇರು.

ಮಷಿನ್ನು ಊರಿಗೆ ಬಂದ ದಾರಿ

ರಾಜ್ಯದ ಹಳ್ಳಿಗಳಿಗೆ ಕಂಪ್ಯೂಟರಿನ ಬಿಸಿ ಮೊದಲು ತಟ್ಟಿದ್ದು ಪಹಣಿಯ ಮೂಲಕ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು, ಗ್ರಾಮ ಲೆಕ್ಕಿಗರ ಕೈಬರಹ ಹೋಗಿ ತಾಲೂಕು ಕಚೇರಿಯ ಮುದ್ರಿತ ಪಹಣಿ ಬಂತು. ಆಗ ಮಷಿನ್ನು ಸರ್ಕಾರದ್ದು, ಜನ ಸಾಲಿನಲ್ಲಿ ನಿಂತು ಕಾಗದ ಪಡೆಯುವವರು. ಆಮೇಲೆ ಬಸ್ ನಿಲ್ದಾಣದ ಸುತ್ತ ಡಿಟಿಪಿ, ಝೆರಾಕ್ಸ್ ಅಂಗಡಿಗಳು ಎದ್ದವು. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ಮಕ್ಕಳಿಗೆ ಸರ್ಕಾರ ಉಚಿತ ಲ್ಯಾಪ್‌ಟಾಪ್ ಹಂಚಿತು. ಅದೇ ವರ್ಷ ಕೊರೊನಾ ಬಂದು ಶಾಲೆ ಬಾಗಿಲು ಹಾಕಿ, ಆನ್‌ಲೈನ್ ಪಾಠದ ಹೆಸರಿನಲ್ಲಿ ಸೆಕೆಂಡ್ ಹ್ಯಾಂಡ್ ಮಷಿನ್ನುಗಳೂ ಮನೆ ಸೇರಿದವು. ಬೆಂಗಳೂರು, ಹೈದರಾಬಾದಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬರುವುದು ಈಗ ಮಾಮೂಲು.

ಹೀಗೆ ಬಂದ ಮಷಿನ್ನಿನ ಜೊತೆ ಅದನ್ನು ಕಾಪಾಡುವ ವಿದ್ಯೆ ಮಾತ್ರ ಬರಲಿಲ್ಲ. ಬಿತ್ತನೆ ಬೀಜ ಕೊಟ್ಟವರು ಯಾವ ಎಣ್ಣೆ ಎಷ್ಟು ಹೊಡೆಯಬೇಕೆಂದು ಹೇಳುತ್ತಾರೆ. ಲ್ಯಾಪ್‌ಟಾಪ್ ಹಂಚಿದವರು ವೇದಿಕೆಯಲ್ಲಿ ಫೋಟೊ ತೆಗೆಸಿಕೊಂಡು ಕೆಳಗಿಳಿದರು.

ವೈರಸ್ ಒಳಗೆ ಬರುವ ಬಾಗಿಲು

ವೈರಸ್ ಎಂಬುದು ಗಾಳಿಯಲ್ಲಿ ಬರುವ ರೋಗವಲ್ಲ. ಯಾರೋ ಕೂತು ಬರೆದ ಪ್ರೋಗ್ರಾಂ ಅದು. ಒಳಗೆ ಬರಬೇಕಾದರೆ ಬಹುಪಾಲು ಸಲ ಮನೆಯವರೇ ಬಾಗಿಲು ತೆಗೆಯಬೇಕು. ಹಳ್ಳಿಯ ಮಷಿನ್ನಿಗೆ ಇರುವ ದೊಡ್ಡ ಬಾಗಿಲು ಮೂರು.

ಮೊದಲನೆಯದು ಪೆನ್‌ಡ್ರೈವ್. ಅಂಗಡಿಯಿಂದ ಮನೆಗೆ, ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಇನ್ನೊಂದು ಅಂಗಡಿಗೆ ಓಡಾಡುವ ಈ ಬೆರಳುದ್ದದ ವಸ್ತು ರೋಗ ಹೊತ್ತು ತಿರುಗುವ ಸೊಳ್ಳೆಯಂತೆ. ಪೆನ್‌ಡ್ರೈವ್ ಹಾಕಿದ ಕೂಡಲೇ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕೂತಿರುವುದನ್ನು ಕಾಣದ ಡಿಟಿಪಿ ಅಂಗಡಿ ಇರಲಾರದು. ಜನ ಗಾಬರಿಯಿಂದ ಪೆನ್‌ಡ್ರೈವನ್ನೇ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಅಲ್ಲೇ ಎಡವುವುದು. ಈ ಜಾತಿಯ ವೈರಸ್ ಸಾಮಾನ್ಯವಾಗಿ ಫೈಲುಗಳನ್ನು ಅಳಿಸಿರುವುದಿಲ್ಲ, ಮರೆಮಾಡಿರುತ್ತದೆ. ಶಾರ್ಟ್‌ಕಟ್ ಒತ್ತಿದರೆ ಫೋಲ್ಡರ್ ತೆರೆದಂತೆ ಕಾಣುತ್ತದೆ, ಹಿಂದಿನಿಂದ ವೈರಸ್ಸೂ ಮಷಿನ್ನಿಗೆ ಇಳಿಯುತ್ತದೆ. ಏನನ್ನೂ ಒತ್ತದೆ ಮೊದಲು ಆಂಟಿವೈರಸ್ಸಿನಿಂದ ಪೆನ್‌ಡ್ರೈವ್ ಶೋಧಿಸಿ, ಆಮೇಲೆ ಮರೆಯಾದ ಫೈಲು ತೋರಿಸುವ ಆಯ್ಕೆ ಹಾಕಿಕೊಂಡರೆ ಹೆಚ್ಚಿನ ಸಲ ಮಾಲು ಹಾಗೇ ಸಿಗುತ್ತದೆ.

ಎರಡನೆಯದು ಮೇಲ್ ಮತ್ತು ವಾಟ್ಸಾಪಿನಲ್ಲಿ ಬರುವ ಫೈಲು. ಬಿಲ್ಲು, ಕೊರಿಯರ್, ನೌಕರಿ ಆದೇಶ ಎಂದು ಹೆಸರಿಟ್ಟು ಬರುತ್ತದೆ. ಮೊಬೈಲಿಗಾದರೆ ಪಿಎಂ ಕಿಸಾನ್ ಹೆಸರಿನ, ಮದುವೆ ಆಮಂತ್ರಣದ ಹೆಸರಿನ, ಟ್ರಾಫಿಕ್ ದಂಡದ ಹೆಸರಿನ ನಕಲಿ ಆ್ಯಪ್ ಫೈಲು ಬರುತ್ತದೆ. ಅದನ್ನು ಹಾಕಿಕೊಂಡವರ ಮೆಸೇಜುಗಳು, ಒಟಿಪಿಗಳು ಕಳ್ಳರ ಕೈಗೆ ಹೋಗಿ ಖಾತೆ ಖಾಲಿಯಾದ ಪ್ರಕರಣಗಳು ದೇಶದ ತುಂಬ ದಾಖಲಾಗಿವೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಬಾಗಿಲು. ಅದು ಕ್ರ್ಯಾಕ್.

‘ಆಂಟಿವೈರಸ್ ಆಫ್ ಮಾಡ್ರಿ’

ಕಳ್ಳ ಸಾಫ್ಟ್‌ವೇರ್ ಹಾಕುವಾಗ ಎಲ್ಲ ಕಡೆ ಕೇಳಿಬರುವ ಮಂತ್ರ ಒಂದೇ: ‘ಆಂಟಿವೈರಸ್ ಆಫ್ ಮಾಡ್ರಿ, ಇಲ್ಲಾಂದ್ರ ಇನ್‌ಸ್ಟಾಲ್ ಆಗಂಗಿಲ್ಲ.’ ಕ್ರ್ಯಾಕ್ ಫೈಲಿನ ಜೊತೆ ಬರುವ ಚೀಟಿಯಲ್ಲೂ ಇದೇ ಬರೆದಿರುತ್ತದೆ. ಮನೆಗೆ ಬಂದ ಅಪರಿಚಿತ ‘ಮೊದಲು ನಾಯಿ ಕಟ್ಟಿಹಾಕ್ರಿ, ಆಮೇಲೆ ಕಣ್ಣು ಮುಚ್ಕೊಳ್ರಿ’ ಎಂದರೆ ಯಾವ ಯಜಮಾನನೂ ಒಪ್ಪುವುದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಎಲ್ಲರೂ ಒಪ್ಪುತ್ತಾರೆ. ಒಮ್ಮೆ ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವ ನೆನಪು ಇರುವುದಿಲ್ಲ. ಆನ್ ಆದರೂ ‘ಈ ಫೋಲ್ಡರ್ ನೋಡಬೇಡ’ ಎಂದು ಕೊಟ್ಟ ವಿನಾಯಿತಿ ಹಾಗೇ ಉಳಿದುಬಿಡುತ್ತದೆ.

ಇದರ ಫಲ ಏನೆಂಬುದಕ್ಕೆ ‘ಸ್ಟಾಪ್’ ಎಂಬ ಹೆಸರಿನ ವೈರಸ್ ಸಾಕ್ಷಿ. ದೊಡ್ಡ ಕಂಪನಿಗಳನ್ನು ಬಿಟ್ಟು ಮನೆಯ ಕಂಪ್ಯೂಟರುಗಳನ್ನೇ ಹುಡುಕಿ ಹೊಡೆದದ್ದು ಇದರ ವಿಶೇಷ. ಹರಡಿದ್ದು ಮುಖ್ಯವಾಗಿ ಕ್ರ್ಯಾಕ್ ಮತ್ತು ಕೀ ತಯಾರಿಸುವ ಪ್ರೋಗ್ರಾಂಗಳ ಮೂಲಕ. ಒಳಗೆ ಹೊಕ್ಕರೆ ಫೋಟೊ, ಪತ್ರ, ಲೆಕ್ಕ ಎಲ್ಲಕ್ಕೂ ಬೀಗ ಜಡಿದು, ಕೀಲಿಗೆ 980 ಡಾಲರ್ ಕೇಳುತ್ತಿತ್ತು. ಮೂರು ದಿನದೊಳಗೆ ಬಂದರೆ ಅರ್ಧ ರೇಟು, 490 ಡಾಲರ್. ಸಂತೆಯ ಚೌಕಾಸಿಯಂತೆ. ಪೀಡಿತರ ಪಟ್ಟಿಯಲ್ಲಿ ಭಾರತ ಮುಂಚೂಣಿಯಲ್ಲಿತ್ತು. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಸಂಸ್ಥೆ ಇದರ 148 ಬಗೆಗಳಿಗೆ ಪುಕ್ಕಟೆ ಕೀಲಿ ಬಿಡುಗಡೆ ಮಾಡಿತು. ಆದರೆ ಆಮೇಲಿನ ಹೊಸ ಬಗೆಗಳಲ್ಲಿ ಬಹುತೇಕಕ್ಕೆ ಆ ಕೀಲಿ ನಡೆಯುವುದಿಲ್ಲ. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದವರು ಕೊನೆಗೆ ಕಳೆದುಕೊಂಡದ್ದು ದುಡ್ಡಿಗೂ ಸಿಗದ ಫೋಟೊಗಳನ್ನು.

ಕಳ್ಳ ನಕಲಿಗೂ ವೈರಸ್ಸಿಗೂ ನಂಟು ಇವತ್ತಿನದಲ್ಲ. ಪರ್ಸನಲ್ ಕಂಪ್ಯೂಟರಿನ ಮೊದಲ ವೈರಸ್ ಎನ್ನಿಸಿಕೊಂಡ ‘ಬ್ರೇನ್’ ಹುಟ್ಟಿದ್ದು 1986ರಲ್ಲಿ, ಪಾಕಿಸ್ತಾನದ ಲಾಹೋರಿನಲ್ಲಿ. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ತಮ್ಮ ಪ್ರೋಗ್ರಾಮನ್ನು ಕದ್ದು ನಕಲು ಮಾಡುವವರಿಗೆ ಬುದ್ಧಿ ಕಲಿಸಲು ಬರೆದದ್ದು ಎಂಬುದು ಅವರೇ ಕೊಟ್ಟ ವಿವರಣೆ. ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು. ಆಗಿನ ವೈರಸ್ ಅಷ್ಟು ಮರ್ಯಾದಸ್ತ! ಈಗಿನದು ವಿಳಾಸ ಕೊಡುವುದಿಲ್ಲ, ದುಡ್ಡು ಹಾಕುವ ಖಾತೆ ಮಾತ್ರ ಕೊಡುತ್ತದೆ.

ಇಷ್ಟಕ್ಕೂ ಅಂಗಡಿಯವರನ್ನಷ್ಟೇ ಬೈದು ಫಲವಿಲ್ಲ. ಅವರ ಕಷ್ಟವೂ ಕಷ್ಟವೇ. ಕನ್ನಡ ಡಿಟಿಪಿ ಇವತ್ತಿಗೂ ಪೇಜ್‌ಮೇಕರ್ ಮೇಲೆ ನಿಂತಿದೆ. ಆಮಂತ್ರಣ, ಕರಪತ್ರ, ಭಕ್ತಿಗೀತೆಯ ಪುಸ್ತಿಕೆ ಎಲ್ಲ ಅದರಲ್ಲೇ. ಅಡೋಬ್ ಕಂಪನಿ 2001ರಲ್ಲಿ ತಂದ 7.0 ಆವೃತ್ತಿಯೇ ಕೊನೆ, ಮುಂದೆ ಹೊಸದು ಬರಲಿಲ್ಲ. ಇಪ್ಪತ್ತು ವರ್ಷದ ಹಳೆ ಫೈಲುಗಳು ತೆರೆಯಬೇಕಾದರೆ ಅದೇ ಬೇಕು. ಅದು ಓಡಲಿ ಎಂದು ಹಳೆಯ ವಿಂಡೋಸನ್ನೇ ಹಿಡಿದುಕೊಂಡು ಕೂತ ಅಂಗಡಿಗಳಿವೆ. ಕಳ್ಳ ನಕಲಿನ ಅಭ್ಯಾಸ ಬೇರೂರಿದ್ದು ಹೀಗೆ.

ಇದರ ಜೊತೆಗೆ ಕನ್ನಡ ಟೈಪಿಂಗಿನ ಗೋಜಲು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಪುಕ್ಕಟೆಯೇ. ಆದರೆ ಸಿಕ್ಕಸಿಕ್ಕ ತಾಣದಿಂದ ಇಳಿಸಿಕೊಳ್ಳುವುದು, ಯಾರದೋ ಪೆನ್‌ಡ್ರೈವಿನಿಂದ ಹಾಕಿಕೊಳ್ಳುವುದು ರೂಢಿ. ಕೀಲಿಮಣೆಯ ತಂತ್ರಾಂಶ ಒತ್ತಿದ ಅಕ್ಷರವನ್ನು ಹಿಡಿದು ಕನ್ನಡಕ್ಕೆ ತಿರುಗಿಸುತ್ತದೆ. ಪಾಸ್‌ವರ್ಡ್ ಕದಿಯುವ ವೈರಸ್ಸೂ ಒತ್ತಿದ ಅಕ್ಷರವನ್ನೇ ಹಿಡಿಯುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ಯಾವುದು ಸಾಚಾ ಎಂಬುದಕ್ಕೆ ಉಳಿದ ಭರವಸೆ ಅದು ಬಂದ ಜಾಗ ಮಾತ್ರ. ಹಾಗಾಗಿ ಮೂಲ ತಾಣ ಬಿಟ್ಟು ಬೇರೆ ಕಡೆಯಿಂದ ಕನ್ನಡ ತಂತ್ರಾಂಶ ಇಳಿಸಿಕೊಳ್ಳಲೇಬಾರದು.

ಪುಕ್ಕಟೆ ಕಾವಲುಗಾರರು ಯಾರ‍್ಯಾರು?

ಮೊದಲನೆಯವನು ಮನೆಯೊಳಗೇ ಇದ್ದಾನೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ವಿಂಡೋಸ್ ಜೊತೆಗೇ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ಬರುತ್ತದೆ. ಬೇರೆ ದುಡ್ಡಿಲ್ಲ, ನೋಂದಣಿಯಿಲ್ಲ, ವರ್ಷ ತುಂಬಿತು ಎಂಬ ಕಾಟವಿಲ್ಲ. ಮೊದಮೊದಲು ಇದು ದುರ್ಬಲ ಎಂಬ ಮಾತಿತ್ತು, ಸುಳ್ಳೇನಲ್ಲ. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆಯಲ್ಲಿ ದುಡ್ಡಿನ ಆಂಟಿವೈರಸ್ಸುಗಳ ಪಕ್ಕದಲ್ಲೇ ನಿಂತು ಪೂರ್ಣ ಅಂಕ ಪಡೆದದ್ದುಂಟು.

ಅದು ಎಚ್ಚರವಾಗಿದೆಯೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಬೇಕು. ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಎಂಬಲ್ಲಿ ಹೋಗಿ, ‘ರಿಯಲ್ ಟೈಮ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಬೇಕು. ಅಲ್ಲೇ ಕೆಳಗೆ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿ ಇರುತ್ತದೆ. ಇದೇ ವಿನಾಯಿತಿ ಪಟ್ಟಿ. ಮನೆಯವರಿಗೆ ಗೊತ್ತಿಲ್ಲದ ಹೆಸರು ಅದರಲ್ಲಿದ್ದರೆ ಕ್ರ್ಯಾಕ್ ಹಾಕಿದವರು ಬಿಟ್ಟುಹೋದ ಹಿಂಬಾಗಿಲೇ ಅದು. ತೆಗೆದುಹಾಕಬೇಕು. ವೈರಸ್ ಆಗಲೇ ಬೇರು ಬಿಟ್ಟಿದೆ ಎಂಬ ಅನುಮಾನವಿದ್ದರೆ ‘ಆಫ್‌ಲೈನ್ ಸ್ಕ್ಯಾನ್’ ಇದೆ. ಅದನ್ನು ಒತ್ತಿದರೆ ಮಷಿನ್ನು ಆರಿ ಹತ್ತಿ, ವಿಂಡೋಸ್ ಏಳುವ ಮೊದಲೇ ಶೋಧಿಸುತ್ತದೆ. ಸುಮಾರು ಕಾಲು ತಾಸಿನ ಕೆಲಸ. ಫಾರ್ಮ್ಯಾಟ್ ಹೊಡೆಸುವ ಮುಂಚೆ ಇದನ್ನು ಮಾಡಿ ನೋಡುವವರೆಷ್ಟು ಮಂದಿ?

ಎರಡನೆಯವನು ಸರ್ಕಾರದವನು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿ 21ರಂದು ‘ಸೈಬರ್ ಸ್ವಚ್ಛತಾ ಕೇಂದ್ರ’ ತೆರೆಯಿತು. ವೈರಸ್ ತಗುಲಿದ ಮಷಿನ್ನು ತೊಳೆಯುವ ಸಾಧನಗಳನ್ನು ದೇಶದ ಆಂಟಿವೈರಸ್ ಕಂಪನಿಗಳ ಸಹಕಾರದಿಂದ ಪುಕ್ಕಟೆ ಕೊಡುವುದು ಅದರ ಕೆಲಸ. ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ ‘ಯುಎಸ್‌ಬಿ ಪ್ರತಿರೋಧ್’ ಎಂಬುದೂ ಅಂದೇ ಹೊರಬಂತು. ಯಾರ ಪೆನ್‌ಡ್ರೈವ್ ಒಳಗೆ ಬರಬೇಕು, ಯಾರದು ಬರಬಾರದು ಎಂದು ಕಟ್ಟಳೆ ಹಾಕುವ ತಂತ್ರಾಂಶ ಅದು. ಡಿಟಿಪಿ ಅಂಗಡಿಗಳಿಗೆ ಹೇಳಿ ಮಾಡಿಸಿದಂಥದ್ದು. ಸ್ವಚ್ಛ ಭಾರತದ ಗೋಡೆ ಬರಹ ಇಲ್ಲದ ಊರಿಲ್ಲ. ಈ ಸ್ವಚ್ಛತೆಯ ಹೆಸರು ಹಳ್ಳಿಯಲ್ಲಿ ಕೇಳಿದವರುಂಟೇ?

ಮೂರನೆಯವರು ಖಾಸಗಿ ಕಂಪನಿಗಳ ಪುಕ್ಕಟೆ ಆಂಟಿವೈರಸ್ಸುಗಳು. ಇಲ್ಲಿ ಸ್ವಲ್ಪ ಹುಷಾರು ಬೇಕು. ಅವಾಸ್ಟ್ ಎಂಬ ಹೆಸರಾಂತ ಕಂಪನಿ ಪುಕ್ಕಟೆ ಆಂಟಿವೈರಸ್ ಹಂಚಿ, ಬಳಸಿದವರು ಯಾವ ಯಾವ ತಾಣ ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತು. ವಿಷಯ ಬಯಲಾಗಿ 2020ರಲ್ಲಿ ಆ ಅಂಗಡಿ ಮುಚ್ಚಿತು. ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಕಂಪನಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂದು ಹೇಳಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಪುಕ್ಕಟೆ ಎಂದು ಕಂಡ ಕೂಡಲೇ ಎರಡು ಮೂರು ಆಂಟಿವೈರಸ್ ತುರುಕುವುದೂ ತಪ್ಪು. ಒಂದರ ಕಾಲಿಗೆ ಇನ್ನೊಂದು ತೊಡಕಾಗಿ ಮಷಿನ್ನು ಎತ್ತಿನಗಾಡಿಯಾಗುತ್ತದೆ. ಹೊರಗಿನದು ಹಾಕಿದರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಒಂದು ತಿಂಗಳ ಟ್ರಯಲ್ ಆಂಟಿವೈರಸ್ ಅವಧಿ ಮುಗಿದರೂ ಕುರ್ಚಿ ಬಿಡದೆ ಕೂತಿದ್ದರೆ ಅದನ್ನು ಕಿತ್ತುಹಾಕಿ ಡಿಫೆಂಡರಿಗೆ ಜಾಗ ಕೊಡುವುದೇ ಲೇಸು.

ಅಪ್‌ಡೇಟ್ ಎಂಬ ಬೇಡವಾದ ಕೂಸು

ಕಾವಲುಗಾರ ಇದ್ದರೂ ಕಳ್ಳರ ಹೊಸ ಮುಖ ಪರಿಚಯವಿಲ್ಲದಿದ್ದರೆ ಏನು ಬಂತು? ಆ ಪರಿಚಯವೇ ಅಪ್‌ಡೇಟ್. ಆದರೆ ಹಳ್ಳಿಯಲ್ಲಿ ಅದನ್ನು ಕಂಡರೆ ಆಗುವುದಿಲ್ಲ. ಕಾರಣ ಸೋಮಾರಿತನವಲ್ಲ, ಡೇಟಾ. ಮನೆಯ ಮಷಿನ್ನಿಗೆ ಇಂಟರ್ನೆಟ್ ಬರುವುದು ಮಗನ ಮೊಬೈಲಿನ ಹಾಟ್‌ಸ್ಪಾಟಿನಿಂದ. ದಿನಕ್ಕೆ ಒಂದೂವರೆ, ಎರಡು ಜಿಬಿ ಲೆಕ್ಕ. ವಿಂಡೋಸಿನ ತಿಂಗಳ ಅಪ್‌ಡೇಟ್ ಶುರುವಾದರೆ ಅದರಲ್ಲಿ ದೊಡ್ಡ ಪಾಲು ನುಂಗುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ‘ಬಂದ್ ಮಾಡಿಬಿಡ್ರಿ ಅದನ್ನ’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಬಂದ್ ಮಾಡಿದ್ದರ ಬೆಲೆ ಏನೆಂದು 2017 ತೋರಿಸಿಕೊಟ್ಟಿದೆ. ಆ ವರ್ಷ ಮೇ 12ರಂದು ‘ವಾನಾಕ್ರೈ’ ಎಂಬ ವೈರಸ್ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನೆರೆಯ ಆಂಧ್ರದ ಪೊಲೀಸ್ ಕಂಪ್ಯೂಟರುಗಳು ತುತ್ತಾದವು. ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಪರದೆಯ ಮೇಲೂ 300 ಡಾಲರ್ ಕೊಡಿ ಎಂಬ ಬೇಡಿಕೆ ಮೂಡಿತು. ಲಂಡನ್ನಿನ ಆಸ್ಪತ್ರೆಗೆ ಬಂದ ಮಾರಿಯೇ ವಯನಾಡಿನ ಪಂಚಾಯಿತಿಗೂ ಬಂತು. ‘ನಮ್ಮ ಹಳ್ಳಿ ಮಷಿನ್ನಿಗೆ ಯಾರ್ ಬರ್ತಾರ ಬಿಡ್ರಿ’ ಎನ್ನುವವರಿಗೆ ಇದೇ ಉತ್ತರ. ವೈರಸ್ ಊರ ಹೆಸರು ಕೇಳಿ ಬರುವುದಿಲ್ಲ, ತೆರೆದ ಕಿಂಡಿ ನೋಡಿ ಬರುತ್ತದೆ.

ಈಗ ಅಂಥದೇ ಇನ್ನೊಂದು ಕಿಂಡಿ ತೆರೆದಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2020ರ ಹೊತ್ತಿಗೆ ಕೊಂಡ, ಹಂಚಿದ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ವಿಂಡೋಸ್ 10ರ ಕಾಲದವೇ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಒಂದು ವರ್ಷದ ವಾಯಿದೆ ಕೊಟ್ಟಿತು. ಮೈಕ್ರೋಸಾಫ್ಟ್ ಖಾತೆ ತೆರೆದು, ಮಷಿನ್ನಿನ ಸೆಟ್ಟಿಂಗನ್ನು ಅದರಲ್ಲಿ ಉಳಿಸಿಕೊಂಡವರಿಗೆ ಅದಕ್ಕೂ ದುಡ್ಡಿಲ್ಲ. ಡಿಫೆಂಡರಿಗೆ ಕಳ್ಳರ ಪಟ್ಟಿ ಕಳಿಸುವುದನ್ನು 2028ರ ಅಕ್ಟೋಬರಿನವರೆಗೆ ಮುಂದುವರಿಸುವುದಾಗಿಯೂ ಹೇಳಿದೆ. ಇದನ್ನೇ ನೆಚ್ಚಿ ನಿಶ್ಚಿಂತೆಯಿಂದ ಇರುವಂತಿಲ್ಲ. ಕಾವಲುಗಾರನಿಗೆ ಊಟ ಸಿಗುತ್ತದೆ, ಗೋಡೆಯ ಬಿರುಕು ಮಾತ್ರ ಯಾರೂ ಮುಚ್ಚುವುದಿಲ್ಲ. ಅಂಥ ಸ್ಥಿತಿ ಅದು.

ಹಳೆ ಮಷಿನ್ನುಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಹೊಸದು ಕೊಳ್ಳಲು ಎಲ್ಲರಿಗೂ ಆಗದು. ಅಂಥವರಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಇದೆ. ಬ್ರೌಸರ್ ನೋಡಲು, ಯುನಿಕೋಡ್ ಕನ್ನಡದಲ್ಲಿ ಪತ್ರ ಬರೆಯಲು, ಮಕ್ಕಳ ಓದಿಗೆ ಧಾರಾಳ ಸಾಕು. ಪೇಜ್‌ಮೇಕರ್ ಅವಲಂಬಿಸಿದವರಿಗೆ ಮಾತ್ರ ಇದು ಪರಿಹಾರವಲ್ಲ. ಅಂಥ ಅಂಗಡಿಗಳು ಹಳೆ ಮಷಿನ್ನೊಂದನ್ನು ಇಂಟರ್ನೆಟ್ ಇಲ್ಲದೆ ಪೇಜ್‌ಮೇಕರಿಗೇ ಮೀಸಲಿಟ್ಟು, ಬ್ಯಾಂಕು, ಆಧಾರದ ಕೆಲಸಕ್ಕೆ ಬೇರೆ ಮಷಿನ್ನು ಇಟ್ಟುಕೊಳ್ಳುವುದು ಜಾಣತನ.

ಕಾವಲುಗಾರನ ಕೈಗೆ ಎಟುಕದ್ದು

ಆಂಟಿವೈರಸ್ ಇದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದು ಯಾರೂ ತಿಳಿಯಬಾರದು. ಒಟಿಪಿಯನ್ನು ಬಾಯಿಬಿಟ್ಟು ಹೇಳಿದರೆ ಯಾವ ಆಂಟಿವೈರಸ್ಸೂ ಬಾಯಿ ಮುಚ್ಚಿಸದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ತುಂಬ ಕೆಂಪಕ್ಷರ ಮೂಡಿ ಸೈರನ್ ಕೂಗುವ ಪುಟಗಳಿವೆ. ಅದು ಎಚ್ಚರಿಕೆಯಲ್ಲ, ಗಾಳ. ಫೋನ್ ಮಾಡಿದವರಿಂದ ಮಷಿನ್ನಿನ ಹಿಡಿತ ಕೇಳುತ್ತಾರೆ, ಆಮೇಲೆ ಖಾತೆಗೆ ಕೈ ಹಾಕುತ್ತಾರೆ. ಮೈಕ್ರೋಸಾಫ್ಟ್ ಯಾರ ಮನೆಗೂ ತಾನಾಗಿ ಫೋನ್ ಮಾಡುವುದಿಲ್ಲ. ಪರದೆ ಮುಚ್ಚಿದರೆ ಮುಗಿಯಿತು, ಮುಚ್ಚದಿದ್ದರೆ ಮಷಿನ್ನು ಆರಿಸಿದರಾಯಿತು. ದುಡ್ಡು ಹೋದದ್ದೇ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು, ನಕಲು ಇಟ್ಟುಕೊಳ್ಳುವುದು. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಎರಡು ಸಾವಿರ ವರ್ಷ ದಾಟಿ 1915ರಲ್ಲಿ ಬೆಳಕಿಗೆ ಬಂತು. ಹಾರ್ಡ್‌ಡಿಸ್ಕಿನ ಬರಹಕ್ಕೆ ಅಂಥ ಆಯುಷ್ಯವಿಲ್ಲ. ಪಹಣಿ ಕಳೆದರೆ ಭೂಮಿಯಿಂದ ಮತ್ತೆ ತೆಗೆಯಬಹುದು, ಆಧಾರ್ ಮತ್ತೆ ಇಳಿಸಿಕೊಳ್ಳಬಹುದು. ತೀರಿಹೋದ ಅಜ್ಜಿಯ ಫೋಟೊ ಯಾವ ಕಚೇರಿಯಲ್ಲೂ ಸಿಗದು. ಬೇಕಾದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ತುಂಬಿ, ತುಂಬಿದ ಮೇಲೆ ಅದನ್ನು ಮಷಿನ್ನಿನಿಂದ ಕಿತ್ತು ಟ್ರಂಕಿನಲ್ಲಿಡಬೇಕು. ಚುಚ್ಚಿಯೇ ಬಿಟ್ಟರೆ ಬೀಗ ಜಡಿಯುವ ವೈರಸ್ ಅದಕ್ಕೂ ಜಡಿಯುತ್ತದೆ.

ಒಬ್ಬರ ಮನೆ ಮಾತಲ್ಲ

ವೈರಸ್ ತಗುಲಿದ ಮಷಿನ್ನು ಎಷ್ಟೋ ಸಲ ಸುಮ್ಮನಿರುತ್ತದೆ. ಮನೆಯವರಿಗೆ ಗೊತ್ತಾಗದಂತೆ ದೂರದ ಯಜಮಾನನೊಬ್ಬನ ಆಳಾಗಿ ದುಡಿಯುತ್ತದೆ. ಇಂಥ ಸಾವಿರಾರು ಆಳು ಮಷಿನ್ನುಗಳ ದಂಡು ಕಟ್ಟಿ ಒಂದು ತಾಣದ ಮೇಲೆ ಒಮ್ಮೆಲೇ ನುಗ್ಗಿಸಿದರೆ ಆ ತಾಣ ಮಲಗಿಬಿಡುತ್ತದೆ. ಸೈಬರ್ ಸ್ವಚ್ಛತಾ ಕೇಂದ್ರ ಹುಟ್ಟಿದ್ದೇ ಈ ದಂಡುಗಳನ್ನು ಮುರಿಯಲು. ತಾಣ ಮಲಗಿದರೆ ಜನರ ಪಾಡೇನೆಂದು 2025ರ ಜನವರಿಯಲ್ಲಿ ಕರ್ನಾಟಕ ಕಂಡಿದೆ. ಆಸ್ತಿ ನೋಂದಣಿಯ ಕಾವೇರಿ 2.0 ತಾಣದ ಮೇಲೆ ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟದ ಮಳೆ ಸುರಿಸಿ ಕೆಲಸ ನಿಲ್ಲಿಸಲಾಯಿತು. ರಾಜ್ಯದ ನೋಂದಣಿ ಕಚೇರಿಗಳಲ್ಲಿ ಜನ ಕಾದು ಕಾದು ವಾಪಸಾದರು. ಫೆಬ್ರವರಿಯಲ್ಲಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಹೋಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪನಿಗೆ ಬೀಗ ಜಡಿಯುವ ವೈರಸ್ ತಗುಲಿ, ಅದನ್ನು ನೆಚ್ಚಿದ ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತ್ತು. ದೊಡ್ಡ ಬ್ಯಾಂಕಿನವರಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಸಣ್ಣವರ ಗಿರಾಕಿಗಳಿಗೆ.

ಯಾರು ಏನು ಮಾಡಬೇಕು?

ಮನೆಯವರು ಮಾಡಬೇಕಾದ್ದು ಸ್ಪಷ್ಟ. ಕ್ರ್ಯಾಕ್ ಬಿಡಬೇಕು, ಡಿಫೆಂಡರ್ ಆನ್ ಇಡಬೇಕು, ಅಪ್‌ಡೇಟ್ ಹಾಕಬೇಕು, ನಕಲು ಇಡಬೇಕು. ನಾಲ್ಕಕ್ಕೂ ದುಡ್ಡು ಹೆಚ್ಚು ಬೇಕಿಲ್ಲ.

ಅಂಗಡಿಯವರೂ ಒಂದು ನೇಮ ಹಾಕಿಕೊಳ್ಳಬಹುದು. ಗಿರಾಕಿಯ ಆಧಾರ್, ಪಾಸ್‌ಬುಕ್ ಪ್ರಿಂಟ್ ಆದ ಕೂಡಲೇ ಅಳಿಸಿಬಿಡುವುದು. ಬಂದ ಪೆನ್‌ಡ್ರೈವನ್ನು ಮೊದಲು ಶೋಧಿಸಿ ಆಮೇಲೆ ತೆರೆಯುವುದು. ಫಾರ್ಮ್ಯಾಟ್ ಮಾಡಿಕೊಟ್ಟ ಮಷಿನ್ನಿನ ಆಂಟಿವೈರಸ್ ಆನ್ ಮಾಡಿ, ತೋರಿಸಿ ಕೊಡುವುದು. ಇದನ್ನು ಪಾಲಿಸುವ ಪ್ರಾಮಾಣಿಕರು ಇಲ್ಲವೆಂದಲ್ಲ. ಅವರ ಸಂಖ್ಯೆ ಬೆಳೆಯಬೇಕು.

ಉಳಿದದ್ದು ಪಂಚಾಯಿತಿಯ ಪಾಲು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ರಾಜ್ಯದ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಕಂಪ್ಯೂಟರುಗಳೂ ಬಂದಿವೆ. ತಿಂಗಳಿಗೊಂದು ಭಾನುವಾರ ಊರಿನವರು ಲ್ಯಾಪ್‌ಟಾಪ್ ತಂದು ಅಲ್ಲಿನ ಇಂಟರ್ನೆಟ್ಟಿನಲ್ಲಿ ಅಪ್‌ಡೇಟ್ ಹಾಕಿಕೊಂಡು ಹೋಗುವಂತೆ ಮಾಡಿದರೆ ಡೇಟಾದ ಕಷ್ಟಕ್ಕೆ ಅರ್ಧ ಪರಿಹಾರ ಸಿಗುತ್ತದೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಕೂಡಿಸಿ ಸೈಬರ್ ಸ್ವಚ್ಛತಾ ಕೇಂದ್ರದ ಸಾಧನ ಹಾಕಿಸಿದರೆ ಪಂಚಾಯಿತಿಗೆ ತಗಲುವ ಖರ್ಚು ಒಂದು ಹೊತ್ತಿನ ಚಹಾ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಮಾತು ಹಳೆಯದು. ವಯನಾಡಿನ ಪಂಚಾಯಿತಿ ಅದನ್ನು ಅನುಭವಿಸಿ ಕಲಿತಿದೆ. ವಳಕಮದಿನ್ನಿ ಸುತ್ತಿನ ಊರುಗಳು ಅನುಭವಿಸದೆಯೇ ಕಲಿಯಲು ಇನ್ನೂ ಹೊತ್ತು ಮೀರಿಲ್ಲ. ಲ್ಯಾಪ್‌ಟಾಪ್ ಹಂಚುವ ವೇದಿಕೆ ಏರಿದವರು, ಅರಿವು ಕೇಂದ್ರದ ರಿಬ್ಬನ್ ಕತ್ತರಿಸಿದವರು ಈ ಒಂದು ಭಾನುವಾರದ ಕೆಲಸಕ್ಕೆ ಮುಂದಾಗುವರೇ?